ಕಾಡಿಗೆ ಹುಳು ಬಿದ್ದಾಗ ಗಾಳಿಗೆ ಏನಾಗುತ್ತದೆ? ಸಾಗವಾನಿ, ಬೇವು ಮತ್ತು ನಮ್ಮ ಮೂರು ಜಿಲ್ಲೆಗಳ ಕುರಿತು ಚರ್ಚೆ

ಚಿಂಚೋಳಿಯ ಓದುಗ

ಎಲ್ಲರಿಗೂ ಶರಣು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಮ್ಮ ಭಾಗದಲ್ಲಿ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಸಾಗವಾನಿ ಎಲೆಗಳ ಹಸಿರನ್ನೆಲ್ಲ ಹುಳು ತಿಂದು ನರಗಳನ್ನಷ್ಟೇ ಉಳಿಸಿಬಿಡುತ್ತದೆ. ಅಂಥ ಎಲೆಯನ್ನು ಎತ್ತಿ ಹಿಡಿದರೆ ಆಚೆಯ ಆಕಾಶ ಕಾಣುತ್ತದೆ. ದೂರದಿಂದ ನೋಡಿದವರಿಗೆ ಗುಡ್ಡಕ್ಕೆ ಬೆಂಕಿಯ ಝಳ ತಾಗಿದೆಯೇನೋ ಅನ್ನಿಸುತ್ತದೆ. ಊರೊಳಗಿನ ಬೇವಿನ ಮರಗಳ ತುದಿ ರೆಂಬೆಗಳು ಒಣಗುವುದೂ ಕೆಲವು ವರ್ಷಗಳಿಂದ ಎಲ್ಲರ ಕಣ್ಣಿಗೆ ಬಿದ್ದಿದೆ.

ಈಚೆಗೆ ಊರಿನ ಸಭೆಯೊಂದರಲ್ಲಿ ಹಿರಿಯರೊಬ್ಬರು, ಹುಳು ಬಿದ್ದ ಮರಗಳು ಗಾಳಿಗೆ ಕೆಟ್ಟ ಆವಿ ಬಿಡುತ್ತವೆ, ಅವನ್ನು ಕಡಿದುಹಾಕುವುದೇ ಮೇಲು ಎಂದು ವಾದಿಸಿದರು. ಕೂತವರಲ್ಲಿ ಬಹಳ ಜನ ತಲೆದೂಗಿದರು. ಮರಗಳು ಆವಿ ಬಿಡುವುದು ನಿಜವೇ, ಹುಳು ಬಿದ್ದಾಗ ಅದು ಹೆಚ್ಚುತ್ತದೆಯೇ, ಹೆಚ್ಚಿದರೆ ಸೇಡಂ, ವಾಡಿ, ಮಳಖೇಡದ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಹೊಗೆಯೊಡನೆ ಅದು ಬೆರೆತಾಗ ನಮ್ಮ ಉಸಿರಿಗೆ ಏನಾಗುತ್ತದೆ ಎಂಬುದನ್ನು ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಕೊಡಲಿ ಎತ್ತುವ ಮೊದಲೇ ಉತ್ತರ ಬೇಕಾಗಿದೆ.

ಸೇಡಂನ ರಸಾಯನಶಾಸ್ತ್ರ ಮಾಸ್ತರ

ಶರಣು. ಪ್ರಶ್ನೆ ಬಹಳ ಒಳ್ಳೆಯದು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮರಗಳು ಆವಿ ಬಿಡುವುದು ನಿಜ, ಮತ್ತು ಅದಕ್ಕೆ ರೋಗವೇ ಬೇಕೆಂದಿಲ್ಲ. ಆರೋಗ್ಯವಂತ ಮರವೂ ಬಿಡುತ್ತದೆ. ಇವುಗಳಲ್ಲಿ ಪ್ರಮಾಣದಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಐಸೊಪ್ರೀನ್ ಎಂಬ ಐದು ಇಂಗಾಲದ ಅಣು. ಎಲೆಗಳು ಅದನ್ನು ಬಿಡುತ್ತವೆಂದು ಸೋವಿಯತ್ ಜಾರ್ಜಿಯಾದ ವಿಜ್ಞಾನಿ ಗಿವಿ ಸನಾಡ್ಜೆ 1957ರಲ್ಲಿ ಗುರುತಿಸಿದರು. ಮೂರು ವರ್ಷಗಳ ಬಳಿಕ, 1960ರಲ್ಲಿ, ಫ್ರಿಟ್ಸ್ ವೆಂಟ್ ಎಂಬ ಸಸ್ಯಶಾಸ್ತ್ರಜ್ಞರು, ಕಾಡುಬೆಟ್ಟಗಳ ಮೇಲೆ ಬೇಸಿಗೆಯಲ್ಲಿ ಕವಿಯುವ ನೀಲಿ ಮಬ್ಬು ಗಿಡಮರಗಳು ಬಿಡುವ ಆವಿಯಿಂದಲೇ ಉಂಟಾಗುತ್ತದೆ ಎಂದು ಬರೆದರು. ಇಂದು ಜಗತ್ತಿನ ಸಸ್ಯಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಬಿಡುತ್ತವೆ ಎಂಬ ಅಂದಾಜಿದೆ. ಎರಡನೆಯ ಗುಂಪು ಟರ್ಪೀನುಗಳದು. ನೀಲಗಿರಿ ಎಲೆಯನ್ನು ಉಜ್ಜಿದಾಗ, ಕರ್ಪೂರ ತುಳಸಿಯನ್ನು ಮುಟ್ಟಿದಾಗ ಮೂಗಿಗೆ ಬರುವ ವಾಸನೆ ಇವುಗಳದೇ.

ಎರಡಕ್ಕೂ ಇರುವ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಐಸೊಪ್ರೀನನ್ನು ಎಲೆ ಕೂಡಿಡುವುದಿಲ್ಲ; ಬೆಳಕಿದ್ದಾಗ ತಯಾರಿಸಿ ಆ ಕೂಡಲೇ ಬಿಟ್ಟುಬಿಡುತ್ತದೆ, ಕತ್ತಲಾದರೆ ನಿಲ್ಲಿಸುತ್ತದೆ. ಬಿಸಿಲು ಏರಿದಂತೆ ಅದು ಏರುತ್ತ ಹೋಗಿ 40 ಡಿಗ್ರಿಯ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಟರ್ಪೀನುಗಳನ್ನಾದರೆ ನೀಲಗಿರಿ, ಪೈನ್ ಮುಂತಾದ ಮರಗಳು ಎಲೆಯ ಗ್ರಂಥಿಗಳಲ್ಲಿ ಅಥವಾ ರಾಳದ ನಾಳಗಳಲ್ಲಿ ಶೇಖರಿಸಿಡುತ್ತವೆ. ಆದ್ದರಿಂದ ಅವು ರಾತ್ರಿಯಲ್ಲೂ ಸೋರುತ್ತವೆ, ಗಾಯವಾದಾಗ ಒಮ್ಮೆಲೇ ಹೊರಬೀಳುತ್ತವೆ.

ಈಗ ಹುಳುವಿನ ವಿಷಯ. ಕಂಬಳಿಹುಳು ಎಲೆಯ ಅಂಚನ್ನು ಕಚ್ಚಿದ ಕೆಲವೇ ಕ್ಷಣಗಳಲ್ಲಿ, ಹೊಸದಾಗಿ ಕೊಯ್ದ ಹುಲ್ಲಿನ ವಾಸನೆ ಕೊಡುವ ಆರು ಇಂಗಾಲದ ಅಣುಗಳು ಹೊರಬರುತ್ತವೆ. ಎಲೆಕೋಶದ ಪೊರೆಯಲ್ಲಿರುವ ಕೊಬ್ಬಿನಾಮ್ಲ ಒಡೆದು ಅವು ಹುಟ್ಟುತ್ತವೆ. ಇದು ಮೊದಲ ಹಂತ. ಬಳಿಕ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಮರದೊಳಗೆ ಜಾಸ್ಮೋನಿಕ್ ಆಮ್ಲವೆಂಬ ಸಸ್ಯ ಹಾರ್ಮೋನಿನ ಸಂಕೇತ ಹರಿದು ಹೊಸ ಟರ್ಪೀನುಗಳ ತಯಾರಿಕೆ ಶುರುವಾಗುತ್ತದೆ, ಮತ್ತು ಹುಳು ತಿಂದ ಎಲೆಗಳ ಜೊತೆಗೆ ಇಡಿಯಾಗಿ ಉಳಿದ ಎಲೆಗಳೂ ಅವನ್ನು ಬಿಡತೊಡಗುತ್ತವೆ. ರಸ ಹೀರುವ ಹೇನು, ತಿಗಣೆಗಳು ತಗುಲಿದಾಗ ನಡೆಯುವುದು ಬೇರೆ. ಆಗ ನೋವಿನ ಮುಲಾಮಿನ ವಾಸನೆಗೆ ಕಾರಣವಾದ ಮೀಥೈಲ್ ಸ್ಯಾಲಿಸಿಲೇಟ್ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕಾಂಡ ಕೊರೆಯುವ ದುಂಬಿ ಬಂದರೆ ಗಾಯದಿಂದ ರಾಳವೋ ಅಂಟೋ ಸುರಿಯುತ್ತದೆ. ಆದ್ದರಿಂದ ಸಭೆಯಲ್ಲಿ ಹೇಳಿದ "ಕೆಟ್ಟ ಆವಿ" ಎಂಬ ಒಂದೇ ವಸ್ತು ಇಲ್ಲ. ಯಾವ ಮರ, ಯಾವ ಹುಳು, ಯಾವ ಹಂತ ಎಂಬುದರ ಮೇಲೆ ಬಿಡುವ ವಸ್ತು ಬೇರೆಯಾಗುತ್ತದೆ, ಪ್ರಮಾಣವೂ ಬೇರೆಯಾಗುತ್ತದೆ.

ಯಾದಗಿರಿಯ ತೊಗರಿ ರೈತ

ಮಾಸ್ತರರೆ, ನಮಸ್ಕಾರ. ನೀವು ಬರೆದದ್ದು ಓದಿ ಹೊಲದಲ್ಲಿ ಕಂಡದ್ದೊಂದು ನೆನಪಿಗೆ ಬಂತು. ತೊಗರಿಗೆ ಕಾಯಿಕೊರಕ ಬಿದ್ದ ಕಾಲದಲ್ಲಿ ಸಣ್ಣ ಸಣ್ಣ ಕಣಜಗಳು ಹುಳು ಇರುವ ಗಿಡಗಳ ಸುತ್ತಲೇ ಹೆಚ್ಚು ಹಾರಾಡುತ್ತವೆ, ಚೆನ್ನಾಗಿರುವ ಸಾಲುಗಳ ಕಡೆಗೆ ಅಷ್ಟಾಗಿ ಸುಳಿಯುವುದಿಲ್ಲ. ನಮ್ಮ ಹಿರಿಯರು ಔಷಧ ಹೊಡೆಯುವ ಮೊದಲು ಗಿಡದ ಬುಡದಲ್ಲಿ ಅಗಲವಾದ ಬಟ್ಟೆ ಹಾಸಿ, ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ, ಬಿದ್ದ ಹುಳುಗಳನ್ನು ಆರಿಸಿ ಹಾಕುತ್ತಿದ್ದರು. ಆ ಕಣಜಗಳಿಗೆ ಅದರಿಂದ ತೊಂದರೆಯಾಗುತ್ತಿರಲಿಲ್ಲ. ಗಿಡ ಬಿಡುವ ಆವಿಗೂ ಕಣಜ ಬರುವುದಕ್ಕೂ ಸಂಬಂಧವಿದೆಯೇ?

ಸೇಡಂನ ರಸಾಯನಶಾಸ್ತ್ರ ಮಾಸ್ತರ

ಇದೆ, ಮತ್ತು ನೇರವಾದ ಸಂಬಂಧವೇ ಇದೆ. ಹುಳು ತಿಂದ ಗಿಡದ ಆವಿಯನ್ನು ಹಿಡಿದು ಪರಾವಲಂಬಿ ಕಣಜಗಳು, ಪರಭಕ್ಷಕ ನುಸಿಗಳು ತಮ್ಮ ಬೇಟೆಯನ್ನು ಹುಡುಕುತ್ತವೆ ಎಂಬುದು 1980ರ ದಶಕದಿಂದ ಈಚೆಗೆ ಅವರೆ ಜಾತಿಯ ಗಿಡ, ಮೆಕ್ಕೆಜೋಳ ಮೊದಲಾದ ಅನೇಕ ಬೆಳೆಗಳಲ್ಲಿ ಸಾಬೀತಾಗಿದೆ. ಹುಳು ಬಿದ್ದ ಮರದ ಆವಿಯನ್ನು ಬರೀ ಮಾಲಿನ್ಯವೆಂದು ಕರೆಯುವುದಕ್ಕೆ ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಅದು ಮರದ ರಕ್ಷಣಾ ವ್ಯವಸ್ಥೆಯ ಭಾಗ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ನಾವು ಉಸಿರಾಡುವ ಗಾಳಿಯಲ್ಲಿ ಓಝೋನ್ ಎಂಬ, ಉಸಿರಿಗೆ ತೊಂದರೆ ಕೊಡುವ ಅನಿಲ ಹೆಚ್ಚಾದರೆ ಅದು ಈ ಅಣುಗಳನ್ನು ದಾರಿಯಲ್ಲೇ ಒಡೆದುಹಾಕುತ್ತದೆ, ಕಣಜಕ್ಕೆ ಸುಳಿವು ಸಿಗುವ ದೂರ ಕಡಿಮೆಯಾಗುತ್ತದೆ. ನಾವು ಕೆಡಿಸಿದ ಗಾಳಿ ಹುಳುಗಳಿಗೇ ಅನುಕೂಲ ಮಾಡಿಕೊಡುವ ಸಂದರ್ಭವೂ ಉಂಟು.

ಬೀದರಿನ ಅರಣ್ಯಕೀಟ ಅಭ್ಯಾಸಿ

ಮಾಸ್ತರರ ಮಾತಿಗೆ ಕಾಡಿನ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಈ ವಿಷಯದಲ್ಲಿ ಜಗತ್ತು ಹೆಚ್ಚು ಕಲಿತದ್ದು ಉತ್ತರ ಅಮೆರಿಕದ ಪೈನ್ ಕಾಡುಗಳಿಂದ. ಅಲ್ಲಿ ಅಕ್ಕಿಕಾಳಿನಷ್ಟಿರುವ ಒಂದು ತೊಗಟೆ ದುಂಬಿ 1990ರ ದಶಕದ ಕೊನೆಯಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಲಕ್ಷಾಂತರ ಹೆಕ್ಟೇರ್ ಪೈನ್ ಕಾಡನ್ನು ಒಣಗಿಸಿತು. ಚಳಿಗಾಲದ ಚಳಿ ಮೊದಲಿನಷ್ಟು ಕಡುವಾಗದೆ ಮರಿಹುಳುಗಳು ಸಾಯದೆ ಉಳಿದದ್ದು ಅದಕ್ಕೆ ಮುಖ್ಯ ಕಾರಣ. ಆ ಪ್ರಾಂತ್ಯದ ಸುಮಾರು 3,74,000 ಚದರ ಕಿ.ಮೀ. ಪ್ರದೇಶದಲ್ಲಿ 2000ದಿಂದ 2020ರ ಅವಧಿಗೆ ಒಟ್ಟು 27 ಕೋಟಿ ಟನ್ ಇಂಗಾಲದ ನಷ್ಟವಾಗುವುದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಇಂಗಾಲ ಹೀರುತ್ತಿದ್ದ ಕಾಡು ಇಂಗಾಲ ಬಿಡುವ ಕಾಡಾಯಿತು.

ಗಾಳಿಯ ದೃಷ್ಟಿಯಿಂದ ಆ ದುಂಬಿಯ ಕಥೆ ಇನ್ನೂ ವಿಚಿತ್ರವಾಗಿದೆ. ಮರ ತನ್ನ ರಕ್ಷಣೆಗೆಂದು ಸುರಿಸುವ ರಾಳದಲ್ಲಿ ಆಲ್ಫಾ ಪೈನೀನ್ ಎಂಬ ಟರ್ಪೀನ್ ಇರುತ್ತದೆ. ದುಂಬಿ ಅದನ್ನೇ ತನ್ನ ಮೈಯೊಳಗೆ ಮಾರ್ಪಡಿಸಿ, ತನ್ನ ಬಳಗವನ್ನು ಆ ಮರಕ್ಕೆ ಕರೆಯುವ ವಾಸನೆಯಾಗಿ ಬಳಸುತ್ತದೆ. ಸಾವಿರಾರು ದುಂಬಿಗಳು ಒಟ್ಟಿಗೆ ಮುತ್ತಿದಾಗ ಕಾಂಡದ ತುಂಬ ಗಾಯಗಳಾಗಿ, ಮುತ್ತಿಗೆಯ ಕಾಲದಲ್ಲಿ ಟರ್ಪೀನು ಆರೋಗ್ಯವಂತ ಮರಕ್ಕಿಂತ ಹಲವು ಪಟ್ಟು ಹೆಚ್ಚು ಹೊರಬೀಳುತ್ತದೆ. ಗಾಳಿಯಲ್ಲಿ ಅದು ಉತ್ಕರ್ಷಣೆಗೊಂಡು ಅತಿಸೂಕ್ಷ್ಮ ಕಣಗಳಾಗುತ್ತದೆ. ಮರ ಸತ್ತು ಸೂಜಿಯೆಲೆ ಉದುರಿದ ಮೇಲೆ ಆವಿ ಇಳಿಯುತ್ತದೆ.

ಓಕ್ ಮರದಲ್ಲಿ ಇದರ ತಿರುವುಮುರುವು ಕಾಣುತ್ತದೆ. ಓಕ್ ಐಸೊಪ್ರೀನ್ ಬಿಡುವ ಮರ. ಕಂಬಳಿಹುಳು ಅದರ ಎಲೆಗಳನ್ನು ಬೋಳಿಸಿದಾಗ, ಎಲೆಯೇ ಇಲ್ಲದ ಮೇಲೆ ಐಸೊಪ್ರೀನ್ ಬರುವುದೆಲ್ಲಿಂದ? ಅದು ಕುಸಿಯುತ್ತದೆ, ಆದರೆ ಹುಲ್ಲುವಾಸನೆಯ ಅಣುಗಳೂ ಕೆಲವು ಟರ್ಪೀನುಗಳೂ ಏರುತ್ತವೆ. ಆದುದರಿಂದ "ಹುಳು ಬಿದ್ದರೆ ಆವಿ ಹೆಚ್ಚುತ್ತದೆ" ಎಂದು ಒಂದೇ ಮಾತಿನಲ್ಲಿ ಹೇಳುವುದು ತಪ್ಪು. ಒಟ್ಟು ತೂಕ ಇಳಿದರೂ ಒಳಗಿನ ಬಗೆ ಬದಲಾಗಬಹುದು, ಮತ್ತು ಗಾಳಿಗೆ ಎಷ್ಟೋ ಸಲ ಬಗೆಯೇ ಮುಖ್ಯವಾಗುತ್ತದೆ.

ನಮ್ಮ ದೇಶದ ಉದಾಹರಣೆಗಳೂ ಇವೆ. ಮಧ್ಯಪ್ರದೇಶದ ಮಂಡ್ಲಾ, ದಿಂಡೋರಿ ಕಡೆಯ ಸಾಲ್ ಕಾಡುಗಳಲ್ಲಿ 1990ರ ದಶಕದಲ್ಲಿ ಕಾಂಡಕೊರಕ ದುಂಬಿ ಲಕ್ಷಾಂತರ ಮರಗಳಿಗೆ ಬಿದ್ದು ದೊಡ್ಡ ಗಲಾಟೆಯಾಯಿತು. ಅಲ್ಲಿನ ಹಳೆಯ ಉಪಾಯ ನೋಡಿ: ಒಂದೆರಡು ಸಾಲ್ ಮರಗಳನ್ನು ಕಡಿದು, ದಿಮ್ಮಿಯ ತುದಿಯ ತೊಗಟೆಯನ್ನು ಜಜ್ಜಿ ಇಡುತ್ತಾರೆ. ಸೋರುವ ರಸದ ವಾಸನೆಗೆ ದುಂಬಿಗಳು ದೂರದಿಂದ ಬಂದು, ಕುಡಿದು ಮಂಕಾಗಿ ಬಿದ್ದಿರುತ್ತವೆ; ಆಗ ಕೈಯಿಂದ ಆರಿಸಿ ಕೊಲ್ಲುತ್ತಾರೆ. ಮರದ ಆವಿಯ ಶಕ್ತಿ ಎಂಥದೆಂದು ಕಾಡಿನ ಕೂಲಿಕಾರರಿಗೆ ಪ್ರಯೋಗಶಾಲೆಗಿಂತ ಮೊದಲೇ ಗೊತ್ತಿತ್ತು.

ಸಾಗವಾನಿಯ ವಿಷಯಕ್ಕೆ ಬಂದರೆ ಎರಡು ಹುಳುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮುಂಗಾರು ಬಿದ್ದು ಹೊಸ ಚಿಗುರು ಬರುವಾಗ ಎಲೆಯನ್ನು ಇಡಿಯಾಗಿ ತಿನ್ನುವ ಹುಳು ಬರುತ್ತದೆ. ಚಿಂಚೋಳಿಯ ಅಣ್ಣನವರು ವರ್ಣಿಸಿದ, ನರ ಬಿಟ್ಟು ಹಸಿರು ಕೆರೆಯುವ ಹುಳು ಮಳೆಗಾಲದ ಕೊನೆಗೆ ಬರುತ್ತದೆ. ಕೇರಳದ ನಿಲಂಬೂರಿನಲ್ಲಿ ನಡೆದ ಅಧ್ಯಯನದಲ್ಲಿ ಮೊದಲನೆಯ ಹುಳುವಿನಿಂದ ಎಳೆಯ ನೆಡುತೋಪುಗಳ ಮರದ ಬೆಳವಣಿಗೆಯಲ್ಲಿ ಶೇ. 44ರಷ್ಟು ನಷ್ಟವಾದದ್ದು ಕಂಡುಬಂತು. ಎರಡನೆಯದು ಬರುವ ಹೊತ್ತಿಗೆ ಆ ವರ್ಷದ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ನೋಡಲು ಭೀಕರವಾಗಿ ಕಂಡರೂ ಮರ ಸಾಯುವುದಿಲ್ಲ. ಹೇಗಿದ್ದರೂ ಕೆಲವೇ ತಿಂಗಳಲ್ಲಿ ಆ ಎಲೆ ಉದುರುವಂಥದೇ. ಇದಕ್ಕಾಗಿ ಸಾಗವಾನಿ ಕಡಿಯುವುದರಲ್ಲಿ ಅರ್ಥವೇ ಇಲ್ಲ.

ಕಲಬುರಗಿಯ ನಿವಾಸಿ

ಎಲ್ಲರ ಬರಹವನ್ನೂ ಗೌರವದಿಂದ ಓದಿದ್ದೇನೆ. ಆದರೂ ಒಂದು ಸಂದೇಹ ಉಳಿದಿದೆ. ಮರದ ಆವಿಯಿಂದ ಓಝೋನ್ ಹುಟ್ಟುತ್ತದೆಂದು ಬೇರೆಡೆ ಕೇಳಿದ್ದೇನೆ, ಸೂಕ್ಷ್ಮಕಣವೂ ಹುಟ್ಟುತ್ತದೆಂದು ಇಲ್ಲಿ ಓದಿದೆ; ಹಾಗಾದರೆ, ಗಾಳಿ ಶುದ್ಧಿಗೆಂದು ಸಸಿ ನೆಡುವ ನಮ್ಮ ಕೆಲಸವೆಲ್ಲ ವ್ಯರ್ಥವಾದಂತೆ ಆಗಲಿಲ್ಲವೇ? ನಮ್ಮ ಊರು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗುರುತಿಸಿದ, ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆಗೆ ಸೇರಿರುವ ಊರು. ಇಲ್ಲಿ ಇನ್ನಷ್ಟು ಆವಿ ಸೇರಿಸುವುದು ಸರಿಯೇ? ಸಭೆಯ ಹಿರಿಯರ ಮಾತಿನಲ್ಲೂ ಸ್ವಲ್ಪ ಸತ್ಯವಿದ್ದಂತೆ ತೋರುತ್ತದೆ.

ಸೇಡಂನ ರಸಾಯನಶಾಸ್ತ್ರ ಮಾಸ್ತರ

ಈ ಸಂದೇಹಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ದಯವಿಟ್ಟು ಸಾವಧಾನವಾಗಿ ಓದಬೇಕು.

ನೆಲಮಟ್ಟದ ಓಝೋನ್ ಮರದ ಆವಿಯೊಂದರಿಂದ ಹುಟ್ಟುವುದಿಲ್ಲ. ಅದಕ್ಕೆ ಬಿಸಿಲು ಬೇಕು, ಆವಿ ಬೇಕು, ಜೊತೆಗೆ ಸಾರಜನಕದ ಆಕ್ಸೈಡುಗಳು ಬೇಕೇ ಬೇಕು. ಬಿಸಿಲಿಗೆ ನೈಟ್ರೋಜನ್ ಡೈಆಕ್ಸೈಡ್ ಒಡೆದು ಬಿಡುಗಡೆಯಾಗುವ ಒಂಟಿ ಆಮ್ಲಜನಕವೇ ಓಝೋನಿನ ಮೂಲ. ಮರದ ಆವಿ ಮಾಡುವ ಕೆಲಸವೆಂದರೆ, ಹಾಗೆ ಒಡೆದ ಮೇಲೆ ಉಳಿಯುವ ನೈಟ್ರಿಕ್ ಆಕ್ಸೈಡನ್ನು ಓಝೋನ್ ಖರ್ಚಾಗದಂತೆ ಮತ್ತೆ ಡೈಆಕ್ಸೈಡ್ ಮಾಡುವುದು. ಸಾರಜನಕದ ಆಕ್ಸೈಡುಗಳು ಬರುವುದು ವಾಹನದ ಎಂಜಿನ್ನುಗಳಿಂದ, ಡೀಸೆಲ್ ಜನರೇಟರುಗಳಿಂದ, ಕಲ್ಲಿದ್ದಲು ಉರಿಸುವ ಕಡೆಯಿಂದ, ಮತ್ತು ನಮ್ಮ ಭಾಗದಲ್ಲಿ ವಿಶೇಷವಾಗಿ ಸಿಮೆಂಟ್ ಗೂಡುಗಳಿಂದ. ಸುಣ್ಣದ ಕಲ್ಲು 1450 ಡಿಗ್ರಿಗೆ ಬೇಯಬೇಕಾದರೆ ಒಳಗಿನ ಜ್ವಾಲೆ 2000 ಡಿಗ್ರಿಯ ಹತ್ತಿರ ಇರಬೇಕಾಗುತ್ತದೆ. ಅಷ್ಟು ಶಾಖಕ್ಕೆ ಗಾಳಿಯಲ್ಲಿರುವ ಸಾರಜನಕವೇ ಉರಿದು ಆಕ್ಸೈಡ್ ಆಗುತ್ತದೆ.

ಆದ್ದರಿಂದ ಆಕ್ಸೈಡ್ ತೀರ ಕಡಿಮೆ ಇರುವ ಕಾಡಿನ ನಡುವೆ ಮರಗಳು ಎಷ್ಟು ಆವಿ ಬಿಟ್ಟರೂ ಓಝೋನ್ ಹೆಚ್ಚುವುದಿಲ್ಲ. ಟರ್ಪೀನುಗಳು ಓಝೋನನ್ನೇ ಎದುರುಗೊಂಡು ಕರಗಿಸುವುದರಿಂದ ಅದು ಇಳಿಯಲೂಬಹುದು. ವಾಹನದಟ್ಟಣೆಯ ನಗರದ ನಡುವೆ, ಆಕ್ಸೈಡ್ ತುಂಬಿ ತುಳುಕುವಲ್ಲಿ, ಅದೇ ಆವಿ ಓಝೋನನ್ನು ಏರಿಸುತ್ತದೆ. ಅಮೆರಿಕದ ಅಟ್ಲಾಂಟಾ ನಗರದ ಕುರಿತು 1988ರಲ್ಲಿ ಬಂದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಅಲ್ಲಿ ಕಾಡು ಮತ್ತು ನಗರ ಒತ್ತೊತ್ತಾಗಿವೆ. ಮರದ ಆವಿಯನ್ನು ಲೆಕ್ಕಕ್ಕೆ ಹಿಡಿಯದೆ ವಾಹನದ ಹೈಡ್ರೋಕಾರ್ಬನ್ ಆವಿಯನ್ನು ಮಾತ್ರ ತಗ್ಗಿಸುತ್ತ ಹೋದರೆ ಓಝೋನ್ ಇಳಿಯುವುದಿಲ್ಲ, ಸಾರಜನಕದ ಆಕ್ಸೈಡುಗಳನ್ನೇ ತಗ್ಗಿಸಬೇಕಾಗುತ್ತದೆ ಎಂಬುದು ಅದರ ತಿರುಳು. ಮರ ಕಡಿಯಿರಿ ಎಂದು ಆ ವಿಜ್ಞಾನಿಗಳು ಹೇಳಲಿಲ್ಲ. ಮರಗಳು ಹಿಂದೆಯೂ ಇದ್ದವು. ಹೊಸದಾಗಿ ಸೇರಿದ್ದು ಎಂಜಿನ್ನು ಮತ್ತು ಚಿಮಣಿ.

ಇದನ್ನು ನಮ್ಮ ಭೂಗೋಳಕ್ಕೆ ಹೊಂದಿಸಿ ನೋಡೋಣ. ಸೇಡಂನಿಂದ ಚಿಂಚೋಳಿ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದಂತಿದೆ. ನೈರುತ್ಯದ ಗಾಳಿ ಬೀಸುವ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಾರ್ಖಾನೆಗಳ ಹೊಗೆ ಹೆಚ್ಚಾಗಿ ಕಾಡಿನ ದಿಕ್ಕಿಗೇ ಹೋಗುತ್ತದೆ, ಆದರೆ ಮೋಡ ಮತ್ತು ಮಳೆ ಇರುವುದರಿಂದ ಓಝೋನ್ ತಯಾರಿಕೆ ಮಂದವಾಗಿರುತ್ತದೆ. ಅಕ್ಟೋಬರಿನಿಂದ ಗಾಳಿ ಪೂರ್ವ, ಈಶಾನ್ಯದ ಕಡೆಯಿಂದ ಬೀಸತೊಡಗುತ್ತದೆ. ಆಗ ಆಕಾಶ ತಿಳಿ, ಬಿಸಿಲು ನಿಚ್ಚಳ, ಎಲೆ ಇನ್ನೂ ಮರದ ಮೇಲಿದೆ, ಎಲೆ ಕೆರೆಯುವ ಹುಳುವೂ ಇದೆ. ಚಿಂಚೋಳಿಯಿಂದ ಪಶ್ಚಿಮಕ್ಕಿರುವ ಕಲಬುರಗಿಗೆ ನೇರ ದೂರ ಸುಮಾರು 60 ಕಿ.ಮೀ.; ಗಂಟೆಗೆ 10 ಕಿ.ಮೀ. ವೇಗದ ಗಾಳಿಗೆ ಆರು ಗಂಟೆಯ ದಾರಿ. ಹಗಲಿನಲ್ಲಿ ಐಸೊಪ್ರೀನ್ ಒಂದೆರಡು ಗಂಟೆಗಿಂತ ಹೆಚ್ಚು ಬಾಳುವುದಿಲ್ಲ, ಹಾಗಾಗಿ ಕಾಡಿನ ಐಸೊಪ್ರೀನ್ ನೇರವಾಗಿ ಕಲಬುರಗಿಗೆ ಮುಟ್ಟುವುದಿಲ್ಲ. ದಾರಿಯಲ್ಲಿ ಅದರಿಂದ ಹುಟ್ಟಿದ ವಸ್ತುಗಳು ಮುಟ್ಟಬಹುದು. ವರ್ಷದಲ್ಲಿ ಈ ವಿಷಯ ಪರೀಕ್ಷಿಸಲು ಯೋಗ್ಯವಾದ ಕಾಲ ಯಾವುದೆಂದು ಕೇಳಿದರೆ, ಮಳೆ ನಿಂತ ಮೇಲಿನ ಆ ಎರಡು ತಿಂಗಳು ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಸುಡುಬೇಸಿಗೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಓಝೋನಿಗೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಚಿಂಚೋಳಿಯ ಎಲೆ ಉದುರಿಸುವ ಕಾಡು ಆಗ ಬಹುಪಾಲು ಬೋಳಾಗಿರುತ್ತದೆ. ಎಲೆಯಿಲ್ಲದ ಮರದಿಂದ ಐಸೊಪ್ರೀನ್ ಇಲ್ಲ. ಆ ಕಾಲದ ಓಝೋನಿಗೆ ಕಾಡನ್ನು ದೂಷಿಸಲು ಬರುವುದೇ ಇಲ್ಲ.

ಬೀದರಿನ ವೈದ್ಯೆ

ನಾನು ಶ್ವಾಸಕೋಶದ ರೋಗಿಗಳನ್ನು ನೋಡುವವಳು. ಕಲಬುರಗಿಯ ನಿವಾಸಿಗಳ ಪ್ರಶ್ನೆಗೆ ಆರೋಗ್ಯದ ಕಡೆಯಿಂದ ಒಂದು ಮಾತು ಸೇರಿಸಬೇಕೆನ್ನಿಸಿತು. ಮರವಿದ್ದರೆ ಏನಾಗುತ್ತದೆ ಎಂದು ನಾವು ಲೆಕ್ಕ ಹಾಕುತ್ತಿದ್ದೇವೆ. ಹುಳುವಿನಿಂದ ಮರ ಹೋದಾಗ ಏನಾಯಿತೆಂಬುದಕ್ಕೂ ಒಂದು ದೊಡ್ಡ ಉದಾಹರಣೆಯಿದೆ. ಏಷ್ಯಾದಿಂದ ಹೋದ ಹಸಿರು ಬಣ್ಣದ ಒಂದು ಕಾಂಡಕೊರಕ 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಬಳಿ ಪತ್ತೆಯಾಗಿ, ಮುಂದೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿತು. ಬೀದಿಗಳ ಇಕ್ಕೆಲದಲ್ಲಿದ್ದ ನೆರಳೇ ಹೋಯಿತು. ಆ ಹುಳು ಹರಡಿದ 15 ರಾಜ್ಯಗಳಲ್ಲಿ 1990ರಿಂದ 2007ರವರೆಗಿನ ಸಾವಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಉಸಿರಾಟದ ಕೆಳಭಾಗದ ಕಾಯಿಲೆಗಳಿಂದ 6,113 ಮತ್ತು ಹೃದಯ, ರಕ್ತನಾಳದ ಕಾಯಿಲೆಗಳಿಂದ 15,080 ಹೆಚ್ಚುವರಿ ಸಾವುಗಳಿಗೂ ಆ ಹುಳುವಿನ ಹರಡುವಿಕೆಗೂ ನಂಟು ಕಂಡಿತು. ನಂಟು ಎಂದ ಮಾತ್ರಕ್ಕೆ ಕಾರಣ ಸಿದ್ಧವಾಯಿತೆಂದು ನಾನು ಹೇಳುವುದಿಲ್ಲ. ಆದರೂ ಎಲೆಗಳು ದೂಳನ್ನು ತಡೆಯುತ್ತವೆ, ಓಝೋನನ್ನು ತಮ್ಮ ರಂಧ್ರಗಳ ಮೂಲಕ ಹೀರುತ್ತವೆ, ಬೀದಿಯನ್ನು ತಂಪಾಗಿಡುತ್ತವೆ ಎಂಬುದನ್ನು ಮರೆತು ಆವಿಯೊಂದನ್ನೇ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ.

ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರ ಕೆಮ್ಮಿಗೆ ಕಾರಣ ಹುಡುಕುತ್ತ ಹೋದರೆ ಒಲೆಯ ಹೊಗೆ, ಬೀಡಿ, ರಸ್ತೆ ದೂಳು, ಕಲ್ಲು ಗಣಿಯ ದೂಳು ಇವೇ ಎದುರಾಗುತ್ತವೆ. ಬೇವಿನ ಮರದ ಕೆಳಗೆ ಕೂತು ಉಸಿರು ಕಟ್ಟಿತೆಂದು ಯಾರೂ ಬಂದದ್ದಿಲ್ಲ.

ಕಡಗಂಚಿಯ ವಿದ್ಯಾರ್ಥಿನಿ

ಹಿರಿಯರಿಗೆಲ್ಲ ನಮಸ್ಕಾರ. ಮಾಸ್ತರರು ಹೇಳಿದ ಆ ಎರಡು ತಿಂಗಳ ಮಾತು ನನಗೆ ಮುಖ್ಯವೆನಿಸಿತು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಮಾಪನ ಕೇಂದ್ರಗಳಿವೆ, ಅವುಗಳ ಅಂಕಿ ಸಾರ್ವಜನಿಕರಿಗೆ ಲಭ್ಯವಿದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಓಝೋನಿನ ಎಂಟು ಗಂಟೆಯ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ 2.5 ಎಂಬ ಸೂಕ್ಷ್ಮಕಣಗಳ ದಿನದ ಮಿತಿ 60 ಮೈಕ್ರೋಗ್ರಾಂ. ಆ ಮಾನದಂಡದ 12 ವಸ್ತುಗಳಲ್ಲಿ ಐಸೊಪ್ರೀನಾಗಲಿ ಟರ್ಪೀನುಗಳಾಗಲಿ ಇಲ್ಲ. ಕೇಂದ್ರಗಳೆಲ್ಲ ಊರೊಳಗೆ ಇವೆ. ಕಾಡಿನ ಅಂಚಿಗೊಂದು ಬೇಕು. 134 ಚದರ ಕಿ.ಮೀ.ಗೂ ಮೀರಿದ ಚಿಂಚೋಳಿ ವನ್ಯಜೀವಿ ಧಾಮದ ಪಕ್ಕದಲ್ಲಿ, ಗೊಟ್ಟಂಗೊಟ್ಟ ಅಥವಾ ಚಂದ್ರಂಪಳ್ಳಿಯ ಸುತ್ತ, ಒಂದು ಹಂಗಾಮಿಗಾದರೂ ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಅಳೆದರೆ ಚರ್ಚೆಗೆ ಬುನಾದಿ ಸಿಗುತ್ತದೆ. ಎಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗಿನ ಗಾಳಿಯನ್ನು ಹೀರುಕೊಳವೆಯಲ್ಲಿ ಹಿಡಿದು ಪ್ರಯೋಗಶಾಲೆಗೆ ಒಯ್ಯುವ ವಿಧಾನ ಹಳೆಯದು, ವಿಶ್ವವಿದ್ಯಾಲಯದ ಮಟ್ಟದಲ್ಲಿ ಸಾಧ್ಯವಾಗುವಂಥದು.

ಇನ್ನೊಂದು ವಿನಂತಿ. ಹೊಸದಾಗಿ ಗಿಡ ನೆಡುವಾಗಲಾದರೂ ಯಾವ ಜಾತಿ ಎಷ್ಟು ಆವಿ ಬಿಡುತ್ತದೆಂಬುದನ್ನು ಕೇಳಬೇಕು. ನೀಲಗಿರಿ ಐಸೊಪ್ರೀನನ್ನೂ ಟರ್ಪೀನನ್ನೂ ಬಿಡುತ್ತದೆ. ಅದಕ್ಕೆ ಈಗ ಎಲೆಯ ತೊಟ್ಟು, ನಡುನರದಲ್ಲಿ ಗಂಟು ಎಬ್ಬಿಸುವ ಸಣ್ಣ ಕಣಜದ ಕಾಟವೂ ಇದೆ; 2000ದ ದಶಕದಲ್ಲಿ ಹೊರದೇಶದಿಂದ ಬಂದು ದಕ್ಷಿಣ ಭಾರತದ ನೆಡುತೋಪುಗಳಿಗೆ ಅದು ಹರಡಿತು. ಮೈಲಿಗಟ್ಟಲೆ ಒಂದೇ ಜಾತಿ ನೆಟ್ಟರೆ ಹುಳುವಿಗೆ ಊಟ ಬಡಿಸಿಟ್ಟಂತೆ.

ಯಾದಗಿರಿಯ ತೊಗರಿ ರೈತ

ತಂಗಿ ಹೇಳಿದ್ದು ಸರಿ. ಒಂದೇ ಜಾತಿ ಹಾಕಿದರೆ ಏನಾಗುತ್ತದೆಂದು ತೊಗರಿ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಬೇವಿನ ಬಗ್ಗೆ ಯಾರಾದರೂ ಬರೆಯಿರಿ. ನಮ್ಮ ಬದುವಿನ ಬೇವುಗಳು ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುತ್ತಿವೆ. ಒಬ್ಬರು ಬಂದು ಎಲ್ಲ ಮರಗಳಿಗೂ ಯಂತ್ರದಿಂದ ಔಷಧ ಹೊಡೆಸೋಣ ಎನ್ನುತ್ತಿದ್ದಾರೆ.

ಬೀದರಿನ ಅರಣ್ಯಕೀಟ ಅಭ್ಯಾಸಿ

ದಯವಿಟ್ಟು ಹೊಡೆಸಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ.

ಬೇವಿನ ತುದಿ ಒಣಗುವುದರ ಹಿಂದೆ ಸಾಮಾನ್ಯವಾಗಿ ಇಬ್ಬರು ಜೊತೆಗಾರರಿರುತ್ತಾರೆ. ಒಂದು, ಗೋಡಂಬಿ ತೋಟದವರು ಟೀ ಸೊಳ್ಳೆ ಎಂದು ಕರೆಯುವ ತಿಗಣೆ. ಹೆಸರು ಸೊಳ್ಳೆಯಾದರೂ ಅದು ಸೊಳ್ಳೆಯಲ್ಲ. ಎಳೆಯ ಚಿಗುರಿಗೆ ಸೂಜಿಬಾಯಿ ಚುಚ್ಚಿ ರಸ ಹೀರುತ್ತದೆ. ಚುಚ್ಚಿದಲ್ಲಿ ಮೊದಲು ನೀರು ಹತ್ತಿದಂಥ ಚುಕ್ಕೆ, ಬಳಿಕ ಕಂದು ಗಾಯ, ಅಂಟಿನ ಹನಿ. ಕೊನೆಗೆ ಚಿಗುರು ಕೊಕ್ಕೆಯಾಗಿ ಬಾಗಿ ಒಣಗುತ್ತದೆ. ಎರಡನೆಯದು ಫೋಮಾಪ್ಸಿಸ್ ಎಂಬ ಶಿಲೀಂಧ್ರ. ಗಾಯದ ದಾರಿಯಿಂದ ಒಳಹೊಕ್ಕು ರೆಂಬೆಯನ್ನು ತುದಿಯಿಂದ ಕೆಳಕ್ಕೆ ಒಣಗಿಸುತ್ತದೆ, ಮಳೆಹನಿಗಳಿಂದ ಹರಡುತ್ತದೆ. ಆದ್ದರಿಂದಲೇ ಮಳೆಗಾಲದಲ್ಲಿ ಶುರುವಾಗಿ, ಮಳೆ ನಿಂತ ಮೇಲೆ ಕಣ್ಣಿಗೆ ಕುಕ್ಕುವಂತಾಗುತ್ತದೆ. 2021ರಲ್ಲಿ ನೆರೆಯ ತೆಲಂಗಾಣದ ಹಲವೆಡೆ ಬೇವುಗಳು ಹೀಗೆ ಕಂದಾಗಿ ಜನ ಗಾಬರಿಯಾಗಿದ್ದರು. ಬೇಸಿಗೆಯ ಚಿಗುರಿನಲ್ಲಿ ಬಹಳಷ್ಟು ಮರಗಳು ಮತ್ತೆ ಹಸಿರಾದವು. ಬೇವು ಗಟ್ಟಿ ಜೀವದ ಮರ.

ಯಂತ್ರದಿಂದ ಔಷಧ ಹೊಡೆಯುವ ಮಾತಿಗೆ ಬಂದರೆ, ಇದೇ ತಿಗಣೆಯನ್ನು ಕೊಲ್ಲಲೆಂದೇ ಕಾಸರಗೋಡಿನ ಗೋಡಂಬಿ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿನ ಮಕ್ಕಳು, ತಾಯಂದಿರು ಪಟ್ಟ ಪಾಡು ಕನ್ನಡನಾಡಿನ ಕರಾವಳಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ನಿಲ್ಲಿಸಿತು. ಗಾಳಿ ಕೆಡುತ್ತದೆಂಬ ಹೆದರಿಕೆಯಿಂದ ಶುರುವಾದ ಈ ಚರ್ಚೆ, ಗಾಳಿಗೆ ವಿಷ ಎರಚುವಲ್ಲಿ ಮುಗಿಯಬಾರದು. ಎತ್ತರದ ಬೇವಿಗೆ ಹೊಡೆದ ಔಷಧದಲ್ಲಿ ಎಷ್ಟೋ ಪಾಲು ಮನೆಯಂಗಳಕ್ಕೆ, ದನದ ಮೇವಿಗೆ, ಬಾವಿಗೆ ಬೀಳುತ್ತದೆ. ನೀವೇ ಬರೆದ ಆ ಕಣಜಗಳೂ ಸಾಯುತ್ತವೆ.

ಮಾಡಬೇಕಾದದ್ದು ಇಷ್ಟು. ಮಳೆ ಪೂರ್ತಿ ನಿಂತು ಒಣಹವೆ ಬಂದ ಮೇಲೆ, ಒಣಗಿದ ರೆಂಬೆಯನ್ನು ಹಸಿಯ ಭಾಗದ ಒಂದು ಗೇಣು ಒಳಗಿನವರೆಗೆ ಸೇರಿಸಿ ಕತ್ತರಿಸಬೇಕು. ಎಳೆಯ ಸಸಿಗಳಿದ್ದರೆ ಮಾತ್ರ ಕೃಷಿ ಅಧಿಕಾರಿಗಳನ್ನು ಕೇಳಿ ಮುಂದಿನ ಹೆಜ್ಜೆ ಇಡಬಹುದು. ದೊಡ್ಡ ಮರಗಳನ್ನು ಅವುಗಳ ಪಾಡಿಗೆ ಬಿಟ್ಟು, ಬೇಸಿಗೆಯ ಚಿಗುರನ್ನು ಕಾಯುವುದೇ ಸರಿ.

ಚಿಂಚೋಳಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ಸಭೆಯಲ್ಲಿ ಈ ಬರಹಗಳನ್ನು ಓದಿ ಹೇಳಲಿದ್ದೇನೆ. ಸಾಗವಾನಿ ಮತ್ತು ಬೇವು ಕಡಿಯುವ ಪ್ರಸ್ತಾಪವನ್ನು ಕೈಬಿಡುವಂತೆಯೂ, ಅದರ ಬದಲು ಕಾಡಿನಂಚಿನಲ್ಲಿ ಮಾಪನ ಮಾಡಿಸುವಂತೆ ಮತ್ತು ಕಾರ್ಖಾನೆಗಳ ಸಾರಜನಕದ ಆಕ್ಸೈಡಿನ ಅಂಕಿಯನ್ನು ಪಂಚಾಯಿತಿಯ ಫಲಕದಲ್ಲಿ ಹಾಕುವಂತೆಯೂ ಮನವಿ ಬರೆಯುತ್ತೇವೆ. ಒಂದೇ ಒಂದು ಮಾತು ಉಳಿಯಿತು: ಕತ್ತರಿಸಿದ ಬೇವಿನ ರೆಂಬೆಗಳನ್ನು ಏನು ಮಾಡಬೇಕು? ಸುಟ್ಟುಹಾಕಿ ಎಂದು ಕೆಲವರು ಹೇಳುತ್ತಾರೆ.

ಬೀದರಿನ ವೈದ್ಯೆ

ಸುಡಬೇಡಿ ಅಣ್ಣನವರೆ. ಹಸಿ ಮತ್ತು ಅರೆಹಸಿ ಕಟ್ಟಿಗೆಯ ಹೊಗೆ ತಗ್ಗಿನಲ್ಲೇ ಸುತ್ತುತ್ತದೆ, ನವೆಂಬರಿನ ಬೆಳಗಿನ ತಣ್ಣನೆಯ ಗಾಳಿಯಲ್ಲಿ ಮೇಲೇರುವುದೇ ಇಲ್ಲ. ಮರ ಹಂಗಾಮಿಡೀ ಬಿಡುವ ಆವಿಗಿಂತ ಆ ಒಂದು ಮುಂಜಾನೆಯ ಹೊಗೆ ಓಣಿಯ ಮುದುಕರ ಎದೆಗೆ ಹೆಚ್ಚು ತೊಂದರೆ ಕೊಡುತ್ತದೆ.

ಬೀದರಿನ ಅರಣ್ಯಕೀಟ ಅಭ್ಯಾಸಿ

ಡಾಕ್ಟರ್ ಅಕ್ಕನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಶಿಲೀಂಧ್ರ ಮತ್ತೆ ಮೇಲಕ್ಕೆ ಬಾರದಂತೆ ಮೊಳಕಾಲುದ್ದದ ಗುಂಡಿ ತೋಡಿ ಹೂಳಿರಿ. ಕುಡುಗೋಲನ್ನು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಬೇಕು.